ಆಣೆಯಲ್ಲಿ ಬಿದ್ದ ಗೊಂದಲ

ಹವೆಲ್ ಆಣೆ ಇಡುವ ಮನುಷ್ಯನಲ್ಲ ಎಂಬುದು ಲೊತ್ಕಾ ಊರಿನ ಬಾತುಕೋಳಿಗಳಿಗೂ ಗೊತ್ತಿತ್ತು. ಸಂತೆಯಲ್ಲಿ ಹಂದಿಮರಿ ಮಾರುವವನು ಮಾತೆ ಮರಿಯಳ ಮೇಲೆ, ಸತ್ತ ಅಪ್ಪನ ಮೇಲೆ, ಬದುಕಿದ್ದ ಹೆಂಡತಿಯ ಮೇಲೆ ಆಣೆ ಇಟ್ಟು ಹಂದಿಯನ್ನು ಹೊಗಳಿದರೆ, ಹವೆಲ್ ಅದರ ಹಲ್ಲು ನೋಡಿ ‘ಬೇಕು’ ಇಲ್ಲವೇ ‘ಬೇಡ’ ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚಿಗೆ ಒಂದು ಮಾತು ಅವನ ಬಾಯಿಂದ ಹೊರಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಅಂಥವನ ಆಣೆಯ ಮೇಲೆ ಈಗ ಅವನ ಭಾವಮೈದನ ಬಲಗೈ ನಿಂತಿತ್ತು.

ಆದದ್ದಿಷ್ಟು. ಬೇಸಗೆಯ ಒಂದು ಶನಿವಾರ ಹಾಡಹಗಲೇ ಯಾರೋ ದೊರೆಯ ಹೊಸ ಕೆರೆಯ ತೂಬು ಮುರಿದುಬಿಟ್ಟರು. ನೀರೆಲ್ಲ ಬ್ಲಾನಿಟ್ಸೆ ಹೊಳೆಗೆ ನುಗ್ಗಿತು. ನೀರಿನ ಜೊತೆ, ಕ್ರಿಸ್ಮಸ್ಸಿಗೆಂದು ಸಾಕಿದ್ದ ಕಾರ್ಪ್ ಮೀನುಗಳೂ ಹೋದವು. ಹೊಳೆಯ ದಂಡೆಯ ಊರುಗಳವರು ಆ ವಾರವೆಲ್ಲ ಮೀನು ತಿಂದು, ಮುಳ್ಳನ್ನು ನೆಲದಲ್ಲಿ ಹೂತು, ಬಾಯಿ ಒರೆಸಿಕೊಂಡು, ದೊರೆಗೆ ಎಂಥ ನಷ್ಟವಾಯಿತಲ್ಲ ಎಂದು ಮರುಗಿದರು.

ಕೋಟೆಯ ಪಾರುಪತ್ಯಗಾರನಿಗೆ ಕಳ್ಳನನ್ನು ಹುಡುಕುವ ಶ್ರಮವೇ ಬೀಳಲಿಲ್ಲ. ಆ ಕೆರೆಯ ತಳದಲ್ಲಿ ಮುಳುಗಿದ್ದದ್ದು ಹವೆಲ್‌ನ ಭಾವಮೈದ ಯಾರೊಶನ ಅಪ್ಪನ ಹುಲ್ಲುಗಾವಲು. ದೊರೆ ಏರಿ ಕಟ್ಟಿಸಿದಾಗ ಮುದುಕನನ್ನು ಒಂದು ಮಾತು ಕೇಳಿರಲಿಲ್ಲ. ಯಾರೊಶ್ ಸುಮ್ಮನಿರುವ ಪೈಕಿಯವನೂ ಅಲ್ಲ. ಪೆಶೆಕನ ಬಿಯರ್ ಅಂಗಡಿಯಲ್ಲಿ ಕೂತು, ಆ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಯೋದನ್ನ ನೋಡೇ ಸಾಯ್ತೀನಿ ಎಂದು ಎಲ್ಲರ ಕಿವಿಗೂ ಬೀಳುವಂತೆ ಹೇಳಿದ್ದ. ಶನಿವಾರ ರಾತ್ರಿಯ ಹೊತ್ತಿಗೆ ಅವನು ಕೋಟೆಯ ನೆಲಮಾಳಿಗೆಯಲ್ಲಿದ್ದ. ಕೆರೆ ಒಡೆದವನಿಗೆ ಬಲಗೈ ಹೋಗುತ್ತದೆ ಎಂಬುದು ದೊರೆಯ ಕಟ್ಟಳೆ.

ಉಳಿಯುವ ದಾರಿ ಒಂದೇ. ಆ ದಿನ ಹವೆಲ್ ಮತ್ತು ಯಾರೊಶ್ ಇಬ್ಬರೂ ಕೆರೆಯ ಇನ್ನೊಂದು ತುದಿಯಲ್ಲಿ ಸೂರಿಗೆ ಹೊದಿಸುವ ಜೊಂಡು ಕೊಯ್ಯುತ್ತಿದ್ದರು. ಆಪಾದನೆ ಹೊತ್ತವನ ಮಾತು ನಡೆಯುವುದಿಲ್ಲ, ಜೊತೆಗಿದ್ದವನು ಕೋಟೆಯಂಗಳದಲ್ಲಿ ಮೊಣಕಾಲೂರಿ, ಶಿಲುಬೆಯ ಮೇಲೆ ಎರಡು ಬೆರಳಿಟ್ಟು, ಗುಮಾಸ್ತ ಓದಿದ ಆಣೆಯನ್ನು ತಿರುಗಿ ಹೇಳಬೇಕು. ಪದಕ್ಕೆ ಪದ ಹೇಳಬೇಕು. ಒಂದು ಪದ ಹಿಂದುಮುಂದಾದರೆ, ಒಂದು ಅಕ್ಷರ ನುಂಗಿದರೆ, ಅಷ್ಟೇ, ಆಣೆ ಬಿದ್ದುಹೋಯಿತು. ಅದಕ್ಕೆ ಆ ಸೀಮೆಯ ನ್ಯಾಯದಲ್ಲಿ ‘ಗೊಂದಲ’ ಎಂದೇ ಹೆಸರು. ದೇವರು ಸತ್ಯವಂತನ ನಾಲಿಗೆಯನ್ನು ತೊದಲಿಸುವುದಿಲ್ಲ ಎಂಬುದು ನ್ಯಾಯ ಹೇಳುವವರ ನಂಬಿಕೆ. ಹುಟ್ಟು ತೊದಲರ ಗತಿಯೇನು ಎಂದು ಅವರನ್ನು ಯಾರೂ ಕೇಳಿದಂತಿಲ್ಲ.

ಹವೆಲ್ ಮೊದಲು ಕೋಟೆಗೇ ಹೋದ. ಯಾರೊಶ್ ನನ್ನ ಜೊತೆಗಿದ್ದ, ಹೌದು ಎಂದರೆ ಹೌದು, ಇದರ ಮೇಲೆ ಇನ್ನೇನೂ ಹೇಳಲಾರೆ ಎಂದ. ಪಾರುಪತ್ಯಗಾರ ಬೇಯಿಸಿದ ಬಟಾಣಿ ತಿನ್ನುತ್ತಿದ್ದವನು ಚಮಚ ಕೆಳಗಿಟ್ಟು ಅವನನ್ನು ಕನಿಕರದಿಂದ ನೋಡಿದ.

“ನಿನ್ನ ‘ಹೌದು’ ಇಟ್ಕೊಂಡು ನಾನೇನು ಸಾರು ಕಾಯಿಸ್ಲಾ? ಬೆರಳಿಡು, ಇಲ್ಲ ಮನೆಗೆ ನಡಿ.”

ಹವೆಲ್ ಮನೆಗೆ ನಡೆದ. ಮನೆಯಲ್ಲಿ ಹೆಂಡತಿ ದೊರೋತಾ ಕಾಯುತ್ತಿದ್ದಳು. ಯಾರೊಶ್ ಅವಳ ತಮ್ಮ. ತಾಯಿ ಸತ್ತ ಮೇಲೆ ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ. ಅವಳು ಆಗಲೇ ಊರಿನ ಮನೆಮನೆಯ ಬಾಗಿಲಿಗೂ ಹೋಗಿ, ನನ್ನ ತಮ್ಮ ಈ ಕೆಲಸ ಮಾಡಿದವನಲ್ಲ, ಬೇಕಾದರೆ ನನ್ನ ತಲೆ ತೆಗೆಯಲಿ ಎಂದು ಹೇಳಿ ಬಂದಿದ್ದಳು. ಪಾರುಪತ್ಯಗಾರನ ಹೆಂಡತಿಯ ಕಾಲಿಗೂ ಬಿದ್ದಿದ್ದಳು.

“ಒಂದೇ ಒಂದು ಸಲ ಕಣಯ್ಯ,” ಎಂದಳು. “ಒಂದು ಸಲ ಬೆರಳಿಡು. ಆಮೇಲೆ ದೇವರ ಹತ್ರ ನಾನು ಮಾತಾಡ್ಕೋತೀನಿ.”

ಹವೆಲ್‌ಗೆ ಆಣೆಯ ಭಯ ಪುಸ್ತಕದಿಂದ ಬಂದದ್ದಲ್ಲ. ಪೋಪನ ಕಡೆಯವರ ವಿರುದ್ಧ ಯುದ್ಧ ನಡೆದ ಕಾಲದಲ್ಲಿ, ಇನ್ನೂ ಮೀಸೆ ಬಲಿಯದ ವಯಸ್ಸಿನಲ್ಲಿ, ದಂಡಿನ ಬಂಡಿಗಳ ಮುಂದೆ ನಿಂತು ನಾಯಕನಿಗೆ ಆಣೆ ಕೊಟ್ಟಿದ್ದ. ಪಾದ್ರಿ ಒಬ್ಬ ಆ ದಂಡಿನ ಗುರುತಾದ ದ್ರಾಕ್ಷಾರಸದ ಪೂಜಾಬಟ್ಟಲೆತ್ತಿ ಹಾರೈಸಿದ್ದ. ಆಮೇಲೆ ರೈ ಕಾಳು ಬಡಿಯುವ ಕೋಲಿಗೆ ಮೊಳೆ ಹೊಡೆಸಿ, ಅದರಲ್ಲಿ ಮನುಷ್ಯರನ್ನು ಬಡಿದ. ಆ ಕಡೆಯವರೂ ಆಣೆ ಕೊಟ್ಟೇ ಬಂದವರು. ಅವರಿಗೂ ಒಬ್ಬ ಪಾದ್ರಿ ಹಾರೈಸಿದ್ದ. ಊರಿಗೆ ಮರಳಿದ ಮೇಲೆ ಬಹಳ ಕಾಲ ಹವೆಲ್ ಕಣದಲ್ಲಿ ಕೋಲು ಹಿಡಿಯಲಾರದೆ, ತೆನೆಯನ್ನು ಕೈಯಿಂದಲೇ ಉಜ್ಜುತ್ತಿದ್ದ. ಜನ ನಕ್ಕರು. ನಗದಿದ್ದವನು ಪಕ್ಕದ ಊರಿನ ಓನೆಶ್ ಅಜ್ಜ ಒಬ್ಬನೇ.

ಓನೆಶ್ ಅಜ್ಜ ಹೊಲ ಉಳುವವನು, ಲ್ಯಾಟಿನ್ ಬಾರದವನು. ಆದರೂ ಬರೆಯುತ್ತಿದ್ದ. ಅವನು ಬರೆದದ್ದನ್ನು ಓದಿ ವಿಶ್ವವಿದ್ಯಾಲಯದ ಗುರುಗಳಿಗೆ ಹೊಟ್ಟೆ ತೊಳಸುತ್ತಿತ್ತಂತೆ. ಕ್ರಿಸ್ತನ ಹೆಸರಲ್ಲಿ ಕೊಲ್ಲುವವನು ಕ್ರಿಸ್ತನನ್ನೇ ಕೊಲ್ಲುತ್ತಾನೆ, ಪೋಪನ ಪರವಾಗಿ ಕೊಂದರೂ ಅಷ್ಟೆ, ಬಟ್ಟಲಿನ ಪರವಾಗಿ ಕೊಂದರೂ ಅಷ್ಟೆ ಎನ್ನುತ್ತಿದ್ದ. ಎಷ್ಟೋ ಕಾಲದ ಹಿಂದೆ ಚಕ್ರವರ್ತಿಯೊಬ್ಬ ಕೊಟ್ಟ ಜಮೀನನ್ನು ಕೈನೀಡಿ ಇಸಿದುಕೊಂಡ ದಿನವೇ ಇಗರ್ಜಿಯ ಹೊಟ್ಟೆಗೆ ವಿಷ ಬಿತ್ತು ಎನ್ನುತ್ತಿದ್ದ. ಹೀಗೆ ಹೇಳಿ ಎರಡು ಕಡೆಯವರಿಂದಲೂ ಉಗಿಸಿಕೊಂಡ. ಹವೆಲ್‌ನದೂ ಸೇರಿ ಅವನ ಸುತ್ತ ಕೂಡಿದ ಹತ್ತಾರು ಮನೆಯವರು ಕತ್ತಿ ಹಿಡಿಯುತ್ತಿರಲಿಲ್ಲ, ಆಣೆ ಇಡುತ್ತಿರಲಿಲ್ಲ, ಸುಳ್ಳಾಡುತ್ತಿರಲಿಲ್ಲ. ಈ ಮಂದಿಗೆ ಹಸು ಮಾರಿದರೆ ಮೋಸ ಮಾಡಲು ಮನಸ್ಸು ಬರಲ್ಲ, ಅದೇ ಒಂದು ಕಷ್ಟ ಎಂದು ಪೆಶೆಕ್ ಗೊಣಗುತ್ತಿದ್ದ.

ದೊರೋತಾಳೂ ಆ ಮನೆಗಳವಳೇ. ಆದರೆ ತಮ್ಮನ ಕೈಯ ಮಾತು ಬಂದಾಗ ಅವಳಿಗೆ ಬೇರೆ ಯಾವ ಮಾತೂ ಕಿವಿಗೆ ಬೀಳಲಿಲ್ಲ. ಆಣೆಯ ಒಕ್ಕಣೆಯನ್ನು ಗುಮಾಸ್ತನ ಅಡುಗೆಯವಳಿಂದ ಹೇಗೋ ಬಾಯಿಪಾಠ ಮಾಡಿಕೊಂಡು ಬಂದು, ಹಿಟ್ಟು ನಾದುತ್ತ ಗಂಡನಿಗೆ ಕಲಿಸತೊಡಗಿದಳು. ಅವನು ಬಾಯಿ ಬಿಡುತ್ತಿರಲಿಲ್ಲ. ಅವಳು ಹೇಳುವುದನ್ನೂ ಬಿಡುತ್ತಿರಲಿಲ್ಲ. ಬೇಡ ಬೇಡ ಎಂದರೂ ಆ ಮಾತುಗಳು ಅವನ ತಲೆಯೊಳಗೆ ಇಳಿದು ಕೂತವು. ಸೌದೆ ಸೀಳುವಾಗ ಕೊಡಲಿಯ ಏಟಿನ ಜೊತೆ ಅವೇ ಬರುತ್ತಿದ್ದವು: ಯಾರೊಶ್ ಬೆಳಗಿನಿಂದ ಸಂಜೆಯ ಗಂಟೆಯವರೆಗೆ ನನ್ನ ಕಣ್ಣೆದುರಿಗಿದ್ದ, ನನ್ನ ಕಣ್ಣೆದುರಿನಿಂದ ಸರಿಯಲಿಲ್ಲ, ಹೀಗೆಂದು ದೇವರ ಮೇಲೆ ಮತ್ತು ಸಕಲ ಸಂತರ ಮೇಲೆ ಆಣೆ.

ತಲೆ ಕೆಟ್ಟುಹೋಗಿ ಅವನು ಓನೆಶ್ ಅಜ್ಜನ ಮನೆಗೆ ಹೊರಟ. ಅಜ್ಜ ಕೊಟ್ಟಿಗೆಯಲ್ಲಿ ಮೊಣಕಾಲವರೆಗೂ ಗೊಬ್ಬರದಲ್ಲಿ ನಿಂತು ಬಾಚುತ್ತಿದ್ದ. ಕೇಳಬೇಕಾದ್ದನ್ನೆಲ್ಲ ಹವೆಲ್ ಒಂದೇ ಉಸಿರಿಗೆ ಕೇಳಿದ. ಆಣೆ ಇಟ್ಟರೆ ಪಾಪ, ಸರಿ. ಇಡದಿದ್ದರೆ ನನ್ನ ಬಾಯಿಯ ಬಿಗಿಯಿಂದ ಒಬ್ಬನ ಕೈ ಕಡಿಯುತ್ತಾರೆ. ಆಗ ಕಡಿದವನು ಯಾರು? ಕೊಡಲಿ ಹಿಡಿದವನಾ, ನಾನಾ? ಹೇಳಿ ಅಜ್ಜಾ, ಇಡಲಾ ಬಿಡಲಾ?

ಅಜ್ಜ ಸಲಿಕೆಗೆ ಒರಗಿದ.

“ಪಾದ್ರಿ ಕೊಡೋದೂ ಅಪ್ಪಣೆ, ಪೋಪ್ ಕೊಡೋದೂ ಅಪ್ಪಣೆ,” ಎಂದ. “ಅದು ಸಾಕು ಅಂತ ತಾನೆ ನಾವು ಆಚೆ ಬಂದಿದ್ದು? ಈಗ ನಾನೂ ಕೊಟ್ರೆ, ಸಗಣಿ ಮೆತ್ಕೊಂಡಿರೋ ಪೋಪ್ ಆಗ್ತೀನಿ ಅಷ್ಟೆ ಕಣಪ್ಪಾ.”

“ಹಾಗಂದ್ರೆ, ಇಡಬೇಡ ಅಂತಲಾ?”

“ಅದೂ ಅಪ್ಪಣೇನೇ ಆಯ್ತಲ್ಲ.”

ಹವೆಲ್‌ಗೆ ಅಜ್ಜನ ಮೇಲೆ ಎಂದೂ ಬಾರದಷ್ಟು ಸಿಟ್ಟು ಬಂತು. ಇಷ್ಟು ವರ್ಷ ಕೊಲ್ಲಬೇಡಿ, ಆಣೆ ಇಡಬೇಡಿ ಎಂದು ಹಾಳೆ ಹಾಳೆ ಬರೆದವನು, ಇವತ್ತು ಒಂದು ಮಾತಿಗೆ ಹಿಂಜರಿಯುತ್ತಾನಲ್ಲ. ಅದನ್ನೇ ಹೇಳಿಯೂ ಬಿಟ್ಟ. ಅಜ್ಜ ತಿರುಗಿ ವಾದಿಸಲಿಲ್ಲ. ಬರೆಯುವಾಗ ಎದುರಿಗೆ ಯಾರ ಕೈಯೂ ಇರಲಿಲ್ಲ ಎಂದು ಮೆಲ್ಲಗೆ ಹೇಳಿದ. ಅವನ ಮುಖ ಇಳಿದುಹೋಗಿತ್ತು. ಹವೆಲ್ ಹೊರಟು ಬೇಲಿ ದಾಟುವಾಗ ಮಾತ್ರ ಅಜ್ಜ ಕೂಗಿ ಕೇಳಿದ, ಯಾರೊಶ್ ಇಡೀ ದಿನ ನಿನ್ನ ಕಣ್ಣ ಮುಂದೆಯೇ ಇದ್ದನೋ ಎಂದು. ಹವೆಲ್ ಹೌದು ಎಂದ.

ಹೌದು ಎಂದದ್ದೇ ಎಡವಟ್ಟಾಯಿತು. ಕಾಲುದಾರಿಯಲ್ಲಿ ಅರ್ಧ ಬಂದಿರಬೇಕು, ಆ ‘ಹೌದು’ ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತತೊಡಗಿತು. ಆ ಶನಿವಾರ ಮಧ್ಯಾಹ್ನ ರೊಟ್ಟಿ ಮತ್ತು ಈರುಳ್ಳಿ ತಿಂದು ಅವನು ಮರದ ನೆರಳಲ್ಲಿ ಬೆನ್ನು ಚಾಚಿದ್ದ. ಚಾಚಿದಾಗ ಮುಖದ ಮೇಲೆ ನೆರಳಿತ್ತು. ಕಣ್ಣು ಬಿಟ್ಟಾಗ ಮುಖ ಸುಡುತ್ತಿತ್ತು. ಯಾರೊಶ್ ಪಕ್ಕದಲ್ಲೇ ಕೂತು ಕುಡುಗೋಲು ಮಸೆಯುತ್ತಿದ್ದ. ಅವನ ಕಾಲು ಒದ್ದೆಯಾಗಿತ್ತು. ಆದರೆ ಜೊಂಡು ಕೊಯ್ಯುವವನ ಕಾಲು ಒಣಗಿರುವುದು ಯಾವಾಗ? ಅಷ್ಟು ಹೊತ್ತಿನಲ್ಲಿ ತೂಬಿನವರೆಗೆ ಹೋಗಿ ಬರಬಹುದೇ? ಓಡಿದರೆ ಬರಬಹುದು. ನಿಧಾನ ಹೋದರೆ ಆಗದು. ಎಷ್ಟು ಹೊತ್ತು ಮಲಗಿದ್ದೆ? ಅದನ್ನು ಹೇಳಬೇಕಾದವನು ಮಲಗಿದ್ದ.

ಮನೆಗೆ ಬಂದಾಗ ದೊರೋತಾ ಏನೂ ಕೇಳದೆ ಅವನ ಮುಂದೆ ಗಂಜಿ ಇಟ್ಟಳು. ಅವಳ ಕಣ್ಣು ಅತ್ತು ಅತ್ತು ಊದಿತ್ತು. ಹವೆಲ್ ತಟ್ಟೆ ನೋಡುತ್ತ, ಇಡ್ತೀನಿ ಎಂದ. ನಿದ್ದೆಯ ವಿಷಯ ಹೇಳಲಿಲ್ಲ. ಹೇಳಿದ್ದರೆ ಆ ಮುಖ ಏನಾಗುತ್ತಿತ್ತೋ ಎಂಬ ಹೆದರಿಕೆ.

ಆಣೆಯ ದಿನ ಕೋಟೆಯಂಗಳ ತುಂಬಿಹೋಗಿತ್ತು. ಗೊಂದಲ ಬೀಳುವುದನ್ನು ನೋಡುವುದೆಂದರೆ ಆ ಸೀಮೆಯವರಿಗೆ ಕರಡಿ ಕುಣಿತಕ್ಕಿಂತ ಮೇಲು. ಅದರಲ್ಲೂ ಆಣೆ ಇಡದ ಮಂದಿಯವನು ಆಣೆ ಇಡುತ್ತಾನೆಂದರೆ ಕೇಳಬೇಕೇ. ಪೆಶೆಕ್ ಅಂಗಡಿ ಮುಚ್ಚಿ ಬಂದಿದ್ದ. ಎಲ್ಲಿ ನಿಮ್ಮ ಅಜ್ಜ, ಪುಸ್ತಕ ತಿದ್ದುತ್ತಾ ಕೂತಿದಾನಾ ಎಂದು ಅವನು ಕೆಣಕಿದ್ದಕ್ಕೆ ಸುತ್ತಲಿನವರು ನಕ್ಕರು. ಅಜ್ಜ ಅಲ್ಲೇ ಇದ್ದ, ಹಿಂದುಗಡೆ ಗೋಡೆಯ ಪಕ್ಕ, ಟೊಪ್ಪಿಗೆ ಕೈಯಲ್ಲಿ ಹಿಡಿದು. ಯಾರೊಶನನ್ನು ಮೇಲೆ ತಂದು ನಿಲ್ಲಿಸಿದರು. ಹುಡುಗ ಬಿಳಿಚಿಕೊಂಡಿದ್ದ, ಆದರೂ ಅಕ್ಕನನ್ನು ನೋಡಿ ಹಲ್ಲು ಬಿಟ್ಟ.

ಹವೆಲ್ ಮೊಣಕಾಲೂರಿದ. ಶಿಲುಬೆಯ ಹಿತ್ತಾಳೆ ಬಿಸಿಲಿಗೆ ಕಾದಿತ್ತು. ಎರಡು ಬೆರಳಿಟ್ಟ. ಗುಮಾಸ್ತ ತುಂಡು ತುಂಡಾಗಿ ಓದಿದ, ಹವೆಲ್ ತುಂಡು ತುಂಡಾಗಿ ಹೇಳಿದ. ದೊರೋತಾಳ ತುಟಿಯೂ ಜೊತೆಗೆ ಆಡುತ್ತಿತ್ತು. ಯಾರೊಶ್ ಬೆಳಗಿನಿಂದ ಸಂಜೆಯ ಗಂಟೆಯವರೆಗೆ. ಸರಿ ಬಂತು. ನನ್ನ ಕಣ್ಣೆದುರಿಗಿದ್ದ. ಅದೂ ಬಂತು. ಗುಮಾಸ್ತ ಮುಂದಿನದನ್ನು ಓದಿದ. ಹವೆಲ್ ಉಸಿರೆಳೆದುಕೊಂಡು ಗಟ್ಟಿಯಾಗಿ ಹೇಳಿದ:

“ನನ್ನ ಕಣ್ಣಿನಿಂದ ಸರಿಯಲಿಲ್ಲ.”

ಒಂದು ‘ಎದುರು’ ಬಿಟ್ಟುಹೋಗಿತ್ತು, ಅಷ್ಟೇ. ಎಷ್ಟೋ ಜನ ಗಮನಿಸಲೂ ಇಲ್ಲ. ಗುಮಾಸ್ತ ಗಮನಿಸಿದ. ಅವನು ಬೆರಳೆತ್ತಿ, ಕೋಳಿ ಲೆಕ್ಕ ಹಾಕುವವನ ದನಿಯಲ್ಲಿ, ಗೊಂದಲ ಎಂದ. ಅಂಗಳದವರೆಲ್ಲ ಅದನ್ನೇ ಕೂಗಿದರು. ಯಾರೊಶನನ್ನು ಮತ್ತೆ ಕೆಳಗೆ ನೂಕಿಕೊಂಡು ಹೋದರು. ಹವೆಲ್ ಮಾತ್ರ ಬೆರಳು ತೆಗೆಯದೆ ಕೂತೇ ಇದ್ದ. ನಾಲಿಗೆ ತಪ್ಪಿತೇ, ತಾನೇ ತಪ್ಪಿಸಿದೆನೇ? ಅವನು ತನ್ನೊಳಗೆ ಇಣುಕಿ ನೋಡಿದ. ಸುಳ್ಳು ಹೇಳಬಾರದೆಂಬ ಹಟವೂ ಅಲ್ಲಿತ್ತು, ಹುಡುಗನನ್ನು ಉಳಿಸಬೇಕೆಂಬ ಆಸೆಯೂ ಇತ್ತು. ಯಾವುದು ಯಾವುದನ್ನು ತಳ್ಳಿತು ಎಂಬುದು ಮಾತ್ರ ಕಾಣಲಿಲ್ಲ. ಯಾರೋ ತೋಳು ಹಿಡಿದು ಎಬ್ಬಿಸಿದರು. ದೊರೋತಾ ಎಂದುಕೊಂಡ. ಅಲ್ಲ, ಓನೆಶ್ ಅಜ್ಜ. ದೊರೋತಾ ಆಗಲೇ ಹೋಗಿಬಿಟ್ಟಿದ್ದಳು.

ಅಜ್ಜ ಅಲ್ಲಿಂದ ನೇರ ಪಾರುಪತ್ಯಗಾರನ ಮುಂದೆ ಹೋಗಿ, ಕ್ರಿಸ್ತನನ್ನು ನಂಬಿದವನು ಮನುಷ್ಯನ ಕೈ ಕಡಿಯಲಾಗದು, ಕಡಿದರೆ ಭಾನುವಾರ ಯಾವ ಮುಖ ಹೊತ್ತು ಇಗರ್ಜಿಯ ಪ್ರಸಾದದ ರೊಟ್ಟಿ ತೆಗೆದುಕೊಳ್ಳುತ್ತೀರಿ ಎಂದು ಕೇಳಿದನಂತೆ. ಹಾಗಾದರೆ ದೊರೆಯ ಮೀನು ನೀನು ಕಾಯುತ್ತೀಯಾ ಎಂದು ಅವನು ಕೇಳಿದನಂತೆ. ಕಾಯುತ್ತೇನೆ, ಸಾಯುವವರೆಗೂ ಕೂಲಿ ಇಲ್ಲದೆ ಕಾಯುತ್ತೇನೆ ಎಂದು ಮುದುಕ ಹೇಳಿದಾಗ ಕೋಟೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಮರುದಿನ ಮಧ್ಯಾಹ್ನ ಹವೆಲ್ ಗಸಗಸೆ ರೊಟ್ಟಿ ಹಿಡಿದು ನೆಲಮಾಳಿಗೆಗೆ ಇಳಿದ. ಕಾವಲಿನವನು ರೊಟ್ಟಿಯ ಅರ್ಧ ಮುರಿದುಕೊಂಡು ಒಳಗೆ ಬಿಟ್ಟ. ಕ್ಷಮೆ ಕೇಳಲು ಮಾತು ಜೋಡಿಸಿಕೊಂಡು ಬಂದಿದ್ದ ಹವೆಲ್ ಹುಡುಗನನ್ನು ಕಂಡೊಡನೆ ಉಳಿದ ಅರ್ಧ ರೊಟ್ಟಿಯನ್ನು ಅವನ ಕೈಗಿಟ್ಟು ಕಣ್ಣೊರೆಸಿಕೊಂಡ. ಯಾರೊಶನೇ ಮೊದಲು ಮಾತಾಡಿದ.

“ಅಳಬೇಡ ಭಾವ. ತೂಬು ಮುರಿದಿದ್ದು ನಾನೇ. ನೀನು ಗೊರಕೆ ಹೊಡೀತಿದ್ದೆ, ಓಡಿ ಹೋಗಿ ಓಡಿ ಬಂದೆ.”

ಹವೆಲ್ ಅವನೆದುರು ನೆಲದ ಮೇಲೆ ಕೂತ. ಎದೆಯ ಮೇಲಿಂದ ಏನೋ ಇಳಿದು ಹಗುರವಾಯಿತು. ಸುಳ್ಳಾಣೆ ಇಡಲಿಲ್ಲ, ದೇವರು ನನ್ನ ನಾಲಿಗೆ ಹಿಡಿದ ಎನ್ನಿಸಿತು. ಅಪ್ಪಟ ಸಂತೋಷ ಅದು. ಮರುಗಳಿಗೆ ಎದುರಿಗೆ ಕೂತವನ ಬಲಗೈ ಕಣ್ಣಿಗೆ ಬಿತ್ತು. ಆ ಕೈ ರೊಟ್ಟಿ ಮುರಿಯುತ್ತಿತ್ತು. ಹವೆಲ್‌ಗೆ ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು. ದೇವರು ನಾಲಿಗೆ ಹಿಡಿದದ್ದು ನಿಜವಾದರೆ, ಈ ಕೈಯನ್ನು ಕೊಡಲಿಗೆ ಕೊಟ್ಟದ್ದೂ ಅವನೇ ಆಗಬೇಕಲ್ಲ?

ಹುಲ್ಲು ಕಂಡಿತು ಭಾವ, ನೀರು ಇಳಿದ ಮೇಲೆ ಕೆಸರಿನ ನಡುವೆ ಅಪ್ಪನ ಗಾವಲಿನ ಬೇಲಿಗೂಟ ಕಂಡಿತು ಎಂದು ಯಾರೊಶ್ ಹೇಳುತ್ತಿದ್ದ. ಆಮೇಲೆ ದನಿ ತಗ್ಗಿಸಿದ.

“ಅಕ್ಕಂಗೆ ಮಾತ್ರ ಹೇಳಬೇಡ. ಮನೆಮನೆಗೂ ಹೋಗಿ ನನ್ನ ಪರವಾಗಿ ತಲೆ ಒಡ್ಡಿದಾಳೆ ಅವಳು. ಕೈ ಹೋಗ್ಲಿ ಬಿಡು. ಅವಳ ಪಾಲಿಗಾದ್ರೂ ನಾನು ಒಳ್ಳೆಯವನಾಗಿರ್ಲಿ.”

ಹವೆಲ್ ಮಾತು ಕೊಡಲಿಲ್ಲ. ಅವನ ಮಂದಿ ಮಾತು ಕೊಡುವುದನ್ನೂ ಆಣೆಯ ತಂಗಿ ಎಂದೇ ಬಗೆಯುತ್ತಿದ್ದರು. ಆದರೆ ಇಲ್ಲವೆಂದೂ ಹೇಳಲಿಲ್ಲ. ಮೆಟ್ಟಿಲು ಹತ್ತುವಾಗ ಮಾತು ಕೊಟ್ಟವನಿಗಿಂತ ಬಿಗಿಯಾಗಿ ಸಿಕ್ಕಿಹಾಕಿಕೊಂಡಿದ್ದ.

ಕೈ ಕಡಿದ ದಿನ ಪಟ್ಟಣದಿಂದ ಬಂದ ಕಟುಕನ ಪಕ್ಕ ಓನೆಶ್ ಅಜ್ಜನೂ ಹೋಗಿ ಕೂತ. ಯಾರೊಶನ ಎಡಗೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡು, ಮುಖ ತಿರುಗಿಸದೆ ಎಲ್ಲವನ್ನೂ ನೋಡಿದ. ಎದ್ದು ಬರುವಾಗ ಅವನ ಗಡ್ಡದ ಮೇಲೆ ರಕ್ತ ಚಿಮ್ಮಿತ್ತು. ಹವೆಲ್‌ನ ಬಳಿ ನಿಂತು, ಅವತ್ತು ನಾನು ಏನಾದರೂ ಒಂದು ಹೇಳಿಬಿಡಬೇಕಿತ್ತೇನೋ ಎಂದ. ಏನನ್ನು ಎಂದು ಹವೆಲ್ ಕೇಳಿದ. ಅದು ಇವತ್ತಿಗೂ ಗೊತ್ತಾಗುತ್ತಿಲ್ಲ ಎಂದು ಅಜ್ಜ ಒಪ್ಪಿಕೊಂಡ.

ಯಾರೊಶನನ್ನು ಮನೆಗೆ ತಂದು ಒಲೆಯ ಪಕ್ಕ ಮಲಗಿಸಿದರು. ಜ್ವರ ಏರಿತು, ಇಳಿಯಿತು. ಹುಡುಗ ಉಳಿದ. ದೊರೋತಾ ಗಾಯ ತೊಳೆಯುತ್ತಿದ್ದಳು, ಬಟ್ಟೆ ಕಟ್ಟುತ್ತಿದ್ದಳು, ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಗಂಡನ ಕಡೆ ತಿರುಗಿ ನೋಡಿದವಳಲ್ಲ. ಒಂದೇ ಸೂರಿನಡಿ ಅವನು ಮಂಚದ ಕಾಲಿನಂತೆ ಇದ್ದ.

ಹೀಗೇ ದಿನ ಹೋಗುತ್ತಿರುವಾಗ ಒಂದು ಬೆಳಗ್ಗೆ ಯಾರೊಶ್ ನಿದ್ದೆ ಹೋಗಿದ್ದ. ದೊರೋತಾ ಬಾತಿನ ಪುಕ್ಕ ಕೀಳುತ್ತ ಕೂತಿದ್ದವಳು ಕೈ ನಿಲ್ಲಿಸಿ, ಗಂಡನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದಕ್ಕಿಂತ ಕಷ್ಟದ್ದೇನೋ ಇತ್ತು. ಅವಳು ಒಳಗೊಳಗೇ ಏನನ್ನೋ ಅಳೆದು ನೋಡಿ, ಈ ಮನುಷ್ಯನನ್ನು ಕ್ಷಮಿಸಲು ಒಂದು ದಾರಿ ಹುಡುಕುತ್ತಿದ್ದಳು.

“ನಂಗೆ ಆಣೆ ಗೀಣೆ ಬೇಡ,” ಎಂದಳು. “ನೀನು ಸುಳ್ಳಾಡೋನಲ್ಲ, ಅದು ನಂಗೊತ್ತು. ತೂಬು ಮುರಿದಿದ್ದು ಇವನಾ? ನೀನು ಅದನ್ನ ತಿಳಿದೇ ಅವತ್ತು ಆಣೇಲಿ ತಪ್ಪಿದ್ಯಾ? ಹಾಗಿದ್ರೆ ಹೇಳ್ಬಿಡು. ನಾನು ಹೆಂಗೋ ತಡ್ಕೋತೀನಿ.”

ಬಾಗಿಲು ತೆರೆದೇ ಇತ್ತು. ಹೌದು ಎಂದರೆ ಸಾಕು, ಹೆಂಡತಿ ಮರಳಿ ಬರುತ್ತಾಳೆ. ಇವತ್ತೇ, ಈ ಗಳಿಗೆಯೇ ಬರುತ್ತಾಳೆ. ಹವೆಲ್ ಒಲೆಯ ಕಡೆ ನೋಡಿದ. ಯಾರೊಶನ ಕಣ್ಣು ಮುಚ್ಚಿತ್ತು. ರೆಪ್ಪೆ ಮಾತ್ರ ಅದುರುತ್ತಿತ್ತು. ಅವನು ಎಚ್ಚರವಾಗಿದ್ದ.

“ಇವನಲ್ಲ,” ಎಂದ ಹವೆಲ್.

ಒಂದಕ್ಷರ ತಪ್ಪಲಿಲ್ಲ, ತೊದಲಲಿಲ್ಲ. ಇಷ್ಟು ಸಲೀಸಾಗಿ ಬರುವ ಮಾತನ್ನು ಅವನು ಜೀವಮಾನದಲ್ಲಿ ಆಡಿರಲಿಲ್ಲ. ದೊರೋತಾ ತಲೆಯಾಡಿಸಿದಳು. ನಂಬಿದಳು. ನಂಬದೆ ಏನು ಮಾಡುತ್ತಾಳೆ, ಅವರ ಮಂದಿಯಲ್ಲಿ ಸುಳ್ಳಾಡಿದವರೇ ಇರಲಿಲ್ಲವಲ್ಲ. ಅವಳ ಮುಖದಲ್ಲಿ ತಮ್ಮನಿಗಾಗಿ ಒಂದು ಗಳಿಗೆ ಬೆಳಕು ಮೂಡಿತು. ಆಮೇಲೆ ಅದು ಹೋಯಿತು.

“ಹಾಗಿದ್ರೆ ಇದನ್ನೇ ಅವತ್ತು ಅಲ್ಲಿ ಹೇಳೋಕೆ ನಿಂಗೇನಾಗಿತ್ತು?”

ಹವೆಲ್ ಎದ್ದು ಒಲೆಗೆ ಸೌದೆ ಒಡ್ಡಿದ. ಅವಳು ಬಾತನ್ನು ಮಡಿಲಿಗೆ ಎಳೆದುಕೊಂಡು ಮತ್ತೆ ಪುಕ್ಕ ಕೀಳತೊಡಗಿದಳು. ಅಂದಿನಿಂದ ಅವಳು ಅವನೊಡನೆ ಮಾತಾಡುವುದನ್ನು ಶುರುಮಾಡಿದಳು. ಉಪ್ಪು ಮುಗಿದಿದೆ, ಬಾಗಿಲು ಹಾಕು, ಎನ್ನುವಷ್ಟು.